ಆಗ್ನಿಲ್ಲ

ಮತ್ತೆ ಅದೇ: ‘ಫೇಲ್ಡ್’. ಯಾವುದು, ಎಲ್ಲಿ, ಯಾಕೆ, ಒಂದೂ ಇಲ್ಲ.

ಕೊಳ್ಳೇಗಾಲದ ಮನೆಯ ಮಹಡಿಯಲ್ಲಿ ಕೂತು ಮಧುಶ್ರೀ ಲ್ಯಾಪ್‌ಟಾಪನ್ನು ದಿಟ್ಟಿಸಿದಳು. ಕಂಪನಿಯ ಪ್ರೋಗ್ರಾಮನ್ನು ತಾನಾಗಿ ಜೋಡಿಸುವ ಆ ಸ್ಕ್ರಿಪ್ಟು ಅವಳದೇ ಕೂಸು. ಸಾಲಾಗಿ ಕಮಾಂಡುಗಳು, ನಡುವೆ ಒಂದು ಕೆಟ್ಟು ಬಿದ್ದರೆ ಇಡೀ ಸ್ಕ್ರಿಪ್ಟು ಮುಖ ಊದಿಸಿಕೊಂಡು ಕೂರುತ್ತಿತ್ತು. ಬಿದ್ದದ್ದು ಯಾವ ಕಮಾಂಡು, ಯಾವ ಜಾಗದಲ್ಲಿ, ಏನು ಕಾರಣ, ಎಲ್ಲವನ್ನೂ ಅದು ಬಾಯಿಬಿಟ್ಟು ಹೇಳಬೇಕೆಂದು ಮ್ಯಾನೇಜರು ಬೆಳಿಗ್ಗೆ ಅಪ್ಪಣೆ ಕೊಟ್ಟಿದ್ದರು.

ಕೆಳಗೆ ಮದುವೆ ಸಂಬಂಧ ತಂದಿದ್ದ ಪುಟ್ಟಮಾದಪ್ಪನ ದನಿ ಕೇಳಿತು. ಇಳಿದು ಬಂದಳು.

ಭಾನುವಾರ ಯಳಂದೂರಿನ ಉದಯಕುಮಾರನ ಕಡೆಯವರು ಅವಳನ್ನು ನೋಡಿಕೊಂಡು ಹೋಗಿದ್ದರು. ಅವನು ಶರ್ಟಿನ ಮೇಲೆ ಚಟ್ನಿ ಚೆಲ್ಲಿಕೊಂಡು, ಅವಳೊಬ್ಬಳನ್ನೇ ನೋಡಿ ನಕ್ಕಿದ್ದ. ಆ ನಗುವನ್ನು ಅವಳು ಯಾರಿಗೂ ಹೇಳಿರಲಿಲ್ಲ.

“ಆಗ್ನಿಲ್ಲ ಕಣವ್ವ,” ಎಂದ ಪುಟ್ಟಮಾದಪ್ಪ.

“ಯಾವ್ದು ಆಗ್ನಿಲ್ಲ?”

“ಅದೇಯ. ಆಗ್ನಿಲ್ಲ.”

ಆಗಲಿಲ್ಲವಂತೆ. ಮಾಡಿದವರೇ ಇಲ್ಲದ ಕ್ರಿಯಾಪದ. ಮೊದಲಿಂದ ಒಂದೊಂದೇ ಹೇಳಿ ಎಂದು ಅವಳು ಪಟ್ಟು ಹಿಡಿದಳು. ಬಂದರು, ಕೂತರು, ಬಜ್ಜಿ ತಿಂದರು, ಕಾಫಿ ಕುಡಿದರು, ಹೋದರು ಎಂದ. ಎಲ್ಲ ಪಾಸು. ಅನುಮಾನ ಬಜ್ಜಿಯ ಕಡೆ ತಿರುಗುವಷ್ಟರಲ್ಲಿ ಅವ್ವ ಶಿವರತ್ನಮ್ಮ, ಎಣ್ಣೆ ಹೊಸದು, ಬೇಕಿದ್ದರೆ ನೀನೇ ತಿಂದು ನೋಡು ಎಂದು ಹಿಟ್ಟು ಕಲಸಲು ಎದ್ದೇಬಿಟ್ಟಳು.

ಮಹಡಿಗೆ ಹೋಗಿ ಮಧುಶ್ರೀ ಜನ್ಮದಲ್ಲಿ ಮಾಡದ್ದನ್ನು ಮಾಡಿದಳು. ಉದಯಕುಮಾರನಿಗೆ ಫೋನು.

“ಯಾಕೆ ಬೇಡ ಅಂದ್ರಿ?”

“ನಾನೆಲ್ಲಂದೆ? ನಿಮ್ ಕಡೆಯಿಂದ್ಲೇ ಆಗ್ನಿಲ್ಲ ಅಂದ್ರಲ್ಲ ಪುಟ್ಟಮಾದಪ್ಪನೋರು.”

“ಯಾರು ಅಂದಿದ್ದಂತೆ?”

“ಅದ ಹೇಳ್ನಿಲ್ಲ.”

“ಹಾಗಾದ್ರೆ...” ಎಂದಳು.

“ಹಾಗಾದ್ರೆ...” ಎಂದ ಅವನೂ.

ಮುಂದಿನ ಮಾತು ಯಾರದೆಂದು ಇಬ್ಬರೂ ಕಾದರು. ಲೈನು ಕಟ್ಟಾಯಿತು. ಒತ್ತಿದ್ದು ಅವನೋ, ತನ್ನ ಹೆಬ್ಬೆರಳೋ, ಅವಳಿಗೆ ತಿಳಿಯಲಿಲ್ಲ. ಮತ್ತೆ ಫೋನು ಮಾಡಬಹುದಿತ್ತು. ಮಾಡದೆ ಸ್ಕ್ರಿಪ್ಟು ತೆರೆದಳು.

ಸಂಜೆಗೆ ತಿದ್ದಿ ಮುಗಿಯಿತು. ಪರೀಕ್ಷೆಗೆಂದು ಒಂದು ಕಮಾಂಡನ್ನು ಬೇಕೆಂದೇ ಕೆಡಿಸಿ ಓಡಿಸಿದಳು. ಸ್ಕ್ರಿಪ್ಟು ಕೊನೆಗೂ ಬಾಯಿಬಿಟ್ಟಿತು.

ಜಾಗ: ಹೋಮ್, ಮಧುಶ್ರೀ.
ಕಾರಣ: ಸಕ್ಸೆಸ್.
ಬಿದ್ದ ಕಮಾಂಡು:

ಬಿದ್ದದ್ದಕ್ಕೆ ಕಾರಣ ಗೆಲುವಂತೆ; ಬಿದ್ದದ್ದು ಯಾವುದೆಂಬಲ್ಲಿ ಏನೂ ಇರಲಿಲ್ಲ.

ಕೆಳಗಿನಿಂದ ಅವ್ವ, ಬಜ್ಜಿ ಆಯ್ತು ಬಾ ಎಂದು ಕೂಗಿದಳು. ಮಧುಶ್ರೀ ಏಳಲಿಲ್ಲ. ಆ ಖಾಲಿ ಜಾಗದಲ್ಲಿ ಕರ್ಸರು ಹೊತ್ತಿತು, ಆರಿತು, ಹೊತ್ತಿತು, ಚಟ್ನಿ ಚೆಲ್ಲಿಕೊಂಡವನು ಅವಳೊಬ್ಬಳನ್ನೇ ನೋಡಿ ನಕ್ಕ ಹಾಗೆ.