ತಲೆಕೆಳಗಾದ ಹಸಿರು ಬೆಳಕು

ಚಿತ್ರಗಳಿಗೆ ಕಟ್ಟು ಹಾಕುವ ಯಜಮಾನರಿಗೆ ಒಂದಿಷ್ಟು ಜಂಬ ಇತ್ತು. ಇರಲಿ ಬಿಡಿ, ನಲವತ್ತು ವರ್ಷ ಒಂದೇ ಕಸುಬು ಮಾಡಿದವರಿಗೆ ಅಷ್ಟೂ ಇರಬಾರದೇ? ವಿಜ್ಞಾನ ಭವನದ ಮೇಲ್ವಿಚಾರಕರು ಎಂಟಡಿ ಅಗಲದ ಚಿತ್ರವನ್ನು ಸುರುಳಿ ಸುತ್ತಿ ತಂದುಕೊಟ್ಟಾಗ ಅವರು ಒಂದು ಮಾತೂ ಕೇಳಲಿಲ್ಲ. ಉತ್ತರ ಧ್ರುವದ ಬೆಳಕಂತೆ, ಬಾಹ್ಯಾಕಾಶದಿಂದ ತೆಗೆದದ್ದಂತೆ. ತೆಗೆದ ಗಗನಯಾತ್ರಿಯೇ ಬಂದು ಪರದೆ ಸರಿಸುತ್ತಾರಂತೆ.

ಗಾಜು ಒರೆಸುತ್ತಿದ್ದ ಹೆಂಡತಿ ತಡೆದರು. "ರೀ, ಯಾವ ಕಡೆ ಮೇಲೆ ಅಂತ ಒಂದು ಮಾತು ಕೇಳ್ಬಾರ್ದಾ?"

"ಅದನ್ನೂ ಕೇಳ್ಬೇಕೇನೇ? ಕತ್ತಲಲ್ಲಿ ಚುಕ್ಕಿ ಮಿನುಗ್ತಿವೆ, ಅದು ಆಕಾಶ. ಅಲ್ಲಿಂದ ಹಸಿರು ಬೆಳಕು ಇಳಿಬಿದ್ದಿದೆ. ನನಗೇನು ಕಣ್ಣಿಲ್ವಾ?"

ನಾಲ್ಕು ಜನ ಹೊತ್ತು ಭವನದ ಗೋಡೆಗೆ ಬೋಲ್ಟು ಬಿಗಿದರು. ಮಾರನೆಯ ಬೆಳಗ್ಗೆ ಹತ್ತಕ್ಕೆ ಸಮಾರಂಭ. ಒಂಬತ್ತೂಮುಕ್ಕಾಲಿಗೆ ಪರದೆಯೊಳಗೆ ಇಣುಕಿದ ಮೇಲ್ವಿಚಾರಕರು ಬಿಳಿಚಿಕೊಂಡು, ಯಜಮಾನರನ್ನು ಮೂಲೆಗೆ ಎಳೆದರು.

"ಏನ್ರೀ ಮಾಡಿಟ್ರಿ? ನೀವು ನಕ್ಷತ್ರ ಅಂದ್ಕೊಂಡಿದ್ದು ಊರುಗಳ ದೀಪ! ಭೂಮಿ ಹೋಗಿ ಮೇಲೆ ಕೂತಿದೆ! ಬಾಹ್ಯಾಕಾಶದಿಂದ ನೋಡಿದ್ರೆ ಆ ಬೆಳಕು ಭೂಮಿಯ ಅಂಚಿನ ಮೇಲೆ ಎದ್ದು ನಿಂತಿರುತ್ತೆ, ಬುಡದಲ್ಲಿ ಹಸಿರು, ತುದಿಯಲ್ಲಿ ಕೆಂಪು."

ಯಜಮಾನರು ಗಡಿಯಾರ ನೋಡಿದರು. ಬಿಚ್ಚಿ ತಿರುಗಿಸಲು ಎರಡು ಗಂಟೆಯಾದರೂ ಬೇಕು. ಊರವರೆಲ್ಲ ಕುರ್ಚಿಗಳಲ್ಲಿ ಬಂದು ಕೂತಾಗಿದೆ. ನಲವತ್ತು ವರ್ಷ ಗಳಿಸಿದ ಹೆಸರು ಇನ್ನು ಕಾಲು ಗಂಟೆಯಲ್ಲಿ ಮಣ್ಣುಪಾಲು. ಹೆಂಡತಿ ಬೇರೆ ಮುಂದಿನ ಸಾಲಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದರು.

ಗಗನಯಾತ್ರಿ ಬಂದರು. ಕಿರುಗೂದಲಿನ, ನಡುವಯಸ್ಸಿನ ಹೆಂಗಸು. ಪರದೆ ಸರಿಸಿ, ಎರಡು ಹೆಜ್ಜೆ ಹಿಂದೆ ಬಂದು ಚಿತ್ರ ನೋಡಿದರು. ಹಿಂದೆ ಯಾರೋ ಕಿಸಕ್ಕೆಂದರು. ಯಜಮಾನರಿಗೆ ತಡೆಯಲಾಗಲಿಲ್ಲ.

"ತಪ್ಪು ನನ್ನದು ತಾಯಿ," ಎಂದು ಮುಂದೆ ಬಂದರು. "ತಲೆಕೆಳಗೆ ಹಾಕ್ಬಿಟ್ಟೆ. ಇವರ್ಯಾರದ್ದೂ ಏನಿಲ್ಲ."

ಆಕೆ ಅವರನ್ನೊಮ್ಮೆ ನೋಡಿ, ಚಪ್ಪಲಿ ಬಿಟ್ಟು, ಗೋಡೆಯ ಕಡೆ ತಲೆ ಹಾಕಿ ನೆಲದ ಮೇಲೆ ಅಂಗಾತ ಮಲಗಿಯೇಬಿಟ್ಟರು.

"ಬನ್ನಿ, ಎಲ್ಲರೂ ಹೀಗೆ ಮಲ್ಕೊಂಡು ನೋಡಿ!"

ಮೊದಮೊದಲು ನಾಚಿಕೊಂಡ ಜನ ಆಮೇಲೆ ಒಬ್ಬೊಬ್ಬರಾಗಿ ನೆಲ ಹಿಡಿದರು. ಮೇಲ್ವಿಚಾರಕರೂ ಕೋಟು ಮಡಚಿಟ್ಟು ಮಲಗಿದರು. ಅಲ್ಲಿಂದ ನೋಡಿದರೆ ಭೂಮಿ ಕೆಳಗೆ, ಬೆಳಕು ಮೇಲೆ, ಎಲ್ಲ ನೆಟ್ಟಗೆ.

"ನಾಳೆನೇ ತಿರುಗಿಸಿಬಿಡ್ತೀವಿ," ಎಂದರು ಮೇಲ್ವಿಚಾರಕರು.

"ಖಂಡಿತ ಬೇಡ," ಎಂದರು ಗಗನಯಾತ್ರಿ. "ಬಾಹ್ಯಾಕಾಶದಲ್ಲಿ ಮೇಲೆ ಕೆಳಗೆ ಅಂತ ಎಲ್ಲಿದೆ? ಆವತ್ತು ನಾನು ಕಿಟಕಿ ಹತ್ತಿರ ತಲೆಕೆಳಗಾಗಿ ತೇಲ್ತಿದ್ದೆ, ನನ್ನ ಕಣ್ಣಿಗೆ ಬಿದ್ದದ್ದು ಈ ಗೋಡೆ ಮೇಲಿರೋ ಹಾಗೇನೇ. ಬೇರೆ ಎಲ್ಲಾ ಕಡೆ ಭೂಮಿ ಕೆಳಗೆ ಬರೋ ಹಾಗೆ ತಿರುಗಿಸಿ ಹಾಕ್ತಾರೆ. ನಾನು ಕಂಡ ಹಾಗೆ ಇದನ್ನ ಹಾಕಿದವರು ನೀವೊಬ್ಬರೇ, ಯಜಮಾನರೇ."

ಹೋದ ಜೀವ ಬಂದಂತಾಯಿತು. ನಗು ಉಕ್ಕಿತು, ಕಣ್ಣೂ ತುಂಬಿತು. ಯಜಮಾನರು ಅಲ್ಲೇ ಸೊಂಟ ಹಿಡಿದುಕೊಂಡು ಮಲಗಿದರು. ಸ್ವಲ್ಪ ಹೊತ್ತಿಗೆ ಜನ ಎದ್ದು ಕಾಫಿಯ ಕಡೆ ನಡೆದರು.

"ಏಳ್ರೀ, ಎಲ್ಲ ನೋಡ್ತಿದಾರೆ," ಎಂದು ಹೆಂಡತಿ ಕೈ ಚಾಚಿದರು.

"ಇರೇ. ಅಳತೆ ತಗೊಂಡಿದ್ದೆ, ಗಾಜು ಕೂರಿಸಿದ್ದೆ. ಚಿತ್ರ ನೋಡ್ತಿರೋದು ಈಗಲೇ."