ಖಂಡೆಪ್ಪನ ಎಡಗಾಲು

ಹಾಜಿಸಾಬರ ಅಮೆರಿಕನ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿದವನು ನಾನೇ. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ ಮಾಡುವ ಅವರು ಅದನ್ನು ಹೈದರಾಬಾದಿನಿಂದ ತಂದಿದ್ದರು. ಎಪ್ಪತ್ನಾಲ್ಕರಲ್ಲಿ ಪೆಟ್ರೋಲ್ ರೇಟು ಏರಿದ ಮೇಲೆ ಕಾರು ಅಂಗಳದಲ್ಲಿ ಕೋಳಿಗಳ ಪಾಲಾಗಿತ್ತು. ‘ಡೀಸೆಲ್ ಮಾಡ್ಲಿಕ್ಕ ಆಗ್ತದೇನು ಮೆಹತಾಬ್?’ ಎಂದು ಕೇಳಿದರು. ಆಗುವುದಿಲ್ಲ ಎನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ. ಮೆಕ್ಯಾನಿಕ್ ಆದ ಇಪ್ಪತ್ತೆರಡು ವರ್ಷದಿಂದ ಅದೇ ದೊಡ್ಡಸ್ತಿಕೆ. ಹಳೆಯ ವ್ಯಾನಿನ ಎಂಜಿನ್ ತಂದು ಕೂರಿಸಿಬಿಟ್ಟೆ.

ಗೇರ್‌ಬಾಕ್ಸ್ ಮಾತ್ರ ಕಾರಿನದೇ, ಆಟೋಮ್ಯಾಟಿಕ್. ಅದಕ್ಕೆ ಕ್ಲಚ್ ಇಲ್ಲ. ಅದರ ಬದಲು ಕನ್ವರ್ಟರ್ ಎಂಬ ದುಂಡನೆಯ ಡಬ್ಬಿ, ಡಬ್ಬಿಯ ತುಂಬ ಎಣ್ಣೆ. ಎಂಜಿನ್ ಎಣ್ಣೆಯನ್ನು ತಿರುಗಿಸಬೇಕು, ಎಣ್ಣೆ ಗೇರನ್ನು ತಿರುಗಿಸಬೇಕು. ಪೆಟ್ರೋಲ್ ಎಂಜಿನ್ ಜೋರಾಗಿ ಸುತ್ತುತ್ತಿತ್ತು, ಎಣ್ಣೆಗೆ ಹಿಡಿತ ಇತ್ತು. ಡೀಸೆಲ್ ನಿಧಾನದ್ದು. ಏರು ಬಂದರೆ ಎಂಜಿನ್ ಒಂದೇ ಸಮನೆ ಕೂಗುತ್ತದೆ, ಗಾಲಿ ಮುಂದೆ ಹೋಗುವುದಿಲ್ಲ, ಎಣ್ಣೆ ಒಳಗೊಳಗೇ ಕಲಕಿ ಸುಡುತ್ತದೆ. ಸ್ಲಿಪ್ ಎನ್ನುವುದು ಇದಕ್ಕೇ. ಎರಡನೇ ಸಲ ಗೇರ್‌ಬಾಕ್ಸ್ ಇಳಿಸಿ ಕರ್ರಗಿನ ಎಣ್ಣೆ ನೋಡಿದಾಗಲೇ ನನಗೆ ಕಾರಣ ಗೊತ್ತಾಗಿತ್ತು.

ಹಾಜಿಸಾಬರಿಗೆ ಹೇಳಿದ್ದು ಮಾತ್ರ ಬೇರೆ.

‘ಡ್ರೈವರಂದು ಎಡಗಾಲು ಸುಮ್ನಿರಂಗಿಲ್ರಿ. ಬ್ರೇಕ್ ಮ್ಯಾಲೆ ಇಟ್ಕೊಂಡೇ ಹೊಡೀತಾನ, ಅದಕ್ಕ ಎಣ್ಣಿ ಸುಡ್ತದ.’

ಡ್ರೈವರ್ ಖಂಡೆಪ್ಪ ಗುಂಡಗುರ್ತಿಯವನು, ನನಗಿಂತ ಹತ್ತು ವರ್ಷ ಹಿರಿಯ. ಮೂವತ್ತು ವರ್ಷ ಕಲ್ಲಿನ ಲಾರಿ ಓಡಿಸಿ ಬಂದವನು. ಮೊದಲ ವಾರ ಅವನ ಎಡಗಾಲು ಇಲ್ಲದ ಕ್ಲಚ್ ಹುಡುಕಿ ಬ್ರೇಕ್ ತುಳಿದದ್ದನ್ನು ಕಂಡು ನಾನೇ ನಕ್ಕಿದ್ದೆ. ಹಾಗಾಗಿ ಇದು ಪೂರಾ ಸುಳ್ಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರು ಸಲ ಆ ಕಾರಿನ ಕೆಳಗೆ ಮಲಗಿ ಬೆನ್ನು ಹಿಡಿದಿತ್ತು. ತಪ್ಪನ್ನು ಯಾರ ತಲೆಗಾದರೂ ಕಟ್ಟಿ ಕೈ ತೊಳೆದುಕೊಂಡರೆ ಸಾಕಾಗಿತ್ತು.

‘ಈ ತಿಂಗಳು ಮುಗಿಯೋ ತನಕ ನೋಡ್ತೀನಿ ಖಂಡೆಪ್ಪ,’ ಎಂದರು ಹಾಜಿಸಾಬರು. ‘ಕಾಲು ಸುಧಾರಿಸಲಿಲ್ಲಂದ್ರ ಬ್ಯಾರೆ ಡ್ರೈವರ್ ಇಡ್ತೀನಿ.’

ಖಂಡೆಪ್ಪ ತಲೆ ತಗ್ಗಿಸಿದ. ಐವತ್ತಾರು ದಾಟಿದವನನ್ನು ಲಾರಿಯವರು ಮತ್ತೆ ಕರೆಯುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ತಿಂಗಳ ಕೊನೆಯ ದಿನ ಹಾಜಿಸಾಬರು ಪಕ್ಕದ ವಾಡಿ ಊರಿಗೆ ಹೊರಟು ನನ್ನನ್ನೂ ಮುಂದೆ ಕೂರಿಸಿದರು. ಖಂಡೆಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಎಡಗಾಲನ್ನು ಸೀಟಿನ ಕಬ್ಬಿಣಕ್ಕೆ ಬಿಗಿದು ಎರಡು ಗಂಟು ಹಾಕಿದ.

‘ಇವತ್ತ ಅಲುಗಂಗಿಲ್ರಿ ಸಾವಕಾರ್ರ.’

ಕಲ್ಲಿನ ಖಣಿ ದಾಟಿ ಏರು ಬಂತು. ಎಂಜಿನ್ ಕೂಗಿತು. ಕಾರು ತೆವಳಿತು, ನಿಂತಿತು, ಹಿಂದಕ್ಕೆ ಜಾರಿತು. ಖಂಡೆಪ್ಪ ಬಲಗಾಲಿನಿಂದ ಬ್ರೇಕ್ ಹಾಕಿದ. ಸುಟ್ಟ ಎಣ್ಣೆಯ ವಾಸನೆ ಒಳಗೆಲ್ಲ ತುಂಬಿತು. ಹಾಜಿಸಾಬರು ಹಿಂದಿನಿಂದ ಬಗ್ಗಿ ಕಟ್ಟಿದ ಕಾಲು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಇನ್ನೂ ಒಂದು ಸುಳ್ಳು ಹೇಳಬಹುದಿತ್ತು. ಹೇಳುವ ತ್ರಾಣ ಇರಲಿಲ್ಲ.

‘ಕಾಲಿಂದಲ್ರಿ. ಈ ಎಂಜಿನ್ನಿಗೂ ಆ ಡಬ್ಬಿಗೂ ಹೊಂದಂಗಿಲ್ಲ. ತಪ್ಪು ನಂದು. ಮೊದ್ಲೇ ಗೊತ್ತಿತ್ತು.’

ಹಾಜಿಸಾಬರು ಕೆಳಗಿಳಿದರು. ‘ಖಂಡೆಪ್ಪ, ನಿನ್ನ ಕೆಲ್ಸ ನಿನಗದ. ಇದನ್ನ ಮಾರಿ ಕ್ಲಚ್ಚಿನ ಗಾಡಿ ತರ್ತೀನಿ,’ ಎಂದರು. ಹಿಂದೆ ಬಂದ ಲಾರಿಗೆ ಕೈ ಮಾಡಿ ಹತ್ತಿ ಹೋದರು.

ಟವೆಲ್ ಬಿಚ್ಚಲು ನಾನೇ ಬಗ್ಗಿದೆ. ಕಾಲು ಬಾತಿತ್ತು. ಹಿಮ್ಮಡಿಯ ಮೇಲೆ ಸುತ್ತಲೂ ಚರ್ಮ ಕಪ್ಪಾಗಿ ಸುಲಿದಿತ್ತು. ಒಂದು ದಿನಕ್ಕೆ ಆಗುವ ಗಾಯ ಅಲ್ಲ ಅದು.

‘ಯಾವಾಗಿಂದ ಕಟ್ಕೊಳ್ಳಿಕತ್ತೀ ಅಣ್ಣಾ?’

‘ಹದಿನೈದು ದಿನ ಆಯ್ತು. ಸಾವಕಾರ್ರಿಗಿ ಕಾಣಬಾರ್ದಂತ ಧೋತ್ರ ಮುಚ್ಚಿಕೊಂತಿದ್ದೆ.’

ನನಗೆ ನಾಚಿಕೆಯಿಂದ ತಲೆ ಎತ್ತಲು ಆಗಲಿಲ್ಲ. ‘ಕಟ್ಟಿದ ಮ್ಯಾಲೂ ಸ್ಲಿಪ್ ಹೊಡೀತಿತ್ತಲ್ಲ. ಅವತ್ತೇ ಬಂದು ನನ್ನ ಕಾಲರ್ ಹಿಡೀಬಾರದಿತ್ತೇನು?’

ಖಂಡೆಪ್ಪ ಕಾಲು ತಿಕ್ಕಿಕೊಳ್ಳುತ್ತ ಹೇಳಿದ: ‘ನೀವು ಉಸ್ತಾದ್ರು. ನೀವಂದ ಮ್ಯಾಲೆ ಕಾಲಿಂದೇ ಇರ್ಬೇಕು ಅಂದ್ಕೊಂಡೆ. ಗಂಟು ಸಡ್ಲಾಗಿರ್ಬೇಕಂತ ದಿನಾ ಮತ್ತಿಷ್ಟು ಬಿಗೀತಿದ್ದೆ.’