ಅಳಿಯ ಬಾರದ ದಿನ

ಕುಲ್ಸುಮ್ ಹಂಚಿನ ಮೇಲಿನ ರೊಟ್ಟಿಯನ್ನು ಮಗುಚುವಷ್ಟರಲ್ಲಿ ಹೊರಗೆ ಹಾರ್ನ್ ಕೂಗಿತು. ಮಹಾಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಆರು ತಿಂಗಳು ಶೆಡ್ಡಿನಲ್ಲೇ ನಿಂತಿದ್ದ ಅವರ ಹಳೆಯ ಕಾರು ಅದು. ಗಂಡ ನಜೀರ್ ಅಹ್ಮದ್ ಮೆಕ್ಯಾನಿಕ್. ಒಂದು ತಿಂಗಳು ರಿಪೇರಿ ಕೆಲಸದ ಬಿಡುವಿನಲ್ಲೆಲ್ಲ ಕೂತು, ಅದರ ಹಿಂದೆ ಇದ್ದಿಲಿನ ಒಲೆ ಕೂರಿಸಿ, ಪೆಟ್ರೋಲಿನ ಬದಲು ಅದರ ಗ್ಯಾಸಿನಿಂದ ಓಡುವಂತೆ ಮಾಡಿದ್ದ.

"ಓಡ್ತು ಕಣೇ! ಈ ಸಂತೆ ದಿನ ಮದ್ದೂರಿಗೆ ನಾನೇ ಕರ್ಕೊಂಡೋಯ್ತೀನಿ. ನಿಮ್ಮಮ್ಮನ ಮನೆಗೆ ಇನ್ಮೇಲೆ ರೈಲೂ ಬೇಡ, ಗೀಲೂ ಬೇಡ."

ಹಿತ್ತಲ ಬಾಗಿಲಿಗೆ ಸೊಪ್ಪು ಕೊಡಲು ಬಂದಿದ್ದ ನೆರೆಮನೆಯ ಚಿಕ್ಕಬೋರಮ್ಮ ಇಣುಕಿದಳು. ಅವಳು ಮದ್ದೂರು ಸಂತೆಗೆ ಹೋಗುವ ದಿನವೇ ಕುಲ್ಸುಮ್ ಅಮ್ಮನ ಮನೆಗೆ ಹೋಗುವುದು; ರೈಲಿನಲ್ಲಿ ಇಬ್ಬರೂ ಜೊತೆ.

"ಮೊಕ ನೋಡ್ಕಳಿ ಸಾಬ್ರೇ, ಒಲೆಯೊಳಗಿಂದ ಎದ್ದು ಬಂದಂಗದೆ."

"ನಿನ್ನ ರೈಲೂ ಹೊಗೆ ಬುಟ್ಕಂಡೇ ಓಡೋದು ಕಣಮ್ಮ."

"ಓಡ್ತದೆ. ಆದ್ರೆ ಯಾರ್ನೂ ಇಳ್ದು ತಳ್ಳಿ ಅನ್ನಕಿಲ್ಲ."

ನಜೀರನೂ ನಕ್ಕ. ಆಮೇಲೆ ಕೇಳಿದ: "ಅತ್ತೆಗೆ ಖುಷಿ ಆಗ್ತದಲ್ವಾ?"

"ಆಗ್ತದೆ," ಅಂದಳು ಕುಲ್ಸುಮ್. ತೊಂದರೆ ಇದ್ದದ್ದೇ ಅದರಲ್ಲಿ.

ಅಳಿಯ ಬಂದರೆ ಅಮ್ಮ ಬಿಬಿ ಜಾನ್ ಕೋಳಿ ಕುಯ್ಯಿಸುತ್ತಾಳೆ. ಮಡಿಸಲಾಗದ ಮಂಡಿ ಇಟ್ಟುಕೊಂಡು ಒಲೆಯ ಮುಂದೆ ಕೂತರೆ ಪಲಾವು ಇಳಿಸುವವರೆಗೂ ಏಳುವುದಿಲ್ಲ. ಬಡಿಸಿ, ನಜೀರ್ ಉಂಡು ಕೈತೊಳೆದದ್ದೇ ತಡ, ಹೊರಡಲು ಹಾರ್ನ್. ಅಮ್ಮನ ಮಾತೆಲ್ಲ "ಇನ್ನೊಂಚೂರು ಹಾಕ್ಕೊಳ್ಳಿ" ಅನ್ನುವುದರಲ್ಲೇ ಮುಗಿದುಹೋಗುತ್ತಿತ್ತು.

ಕುಲ್ಸುಮ್ ಒಬ್ಬಳೇ ರೈಲಿನಲ್ಲಿ ಹೋಗುತ್ತಿದ್ದ ಈ ಆರು ತಿಂಗಳು ಅಮ್ಮ ಹಬ್ಬದಡುಗೆ ಮಾಡಿರಲಿಲ್ಲ. ಇಬ್ಬರಿಗೂ ಬೆಳಗಿನ ಸಾರೇ ಸಾಕಾಗುತ್ತಿತ್ತು. ಕುಲ್ಸುಮ್ ಆ ಮಂಡಿಗೆ ಎಣ್ಣೆ ನೀವುತ್ತಿದ್ದಳು. ಹೋದ ಸಲ ಅಮ್ಮ, ಕುಲ್ಸುಮ್ ಹುಟ್ಟುವ ಮೊದಲು ತೀರಿಕೊಂಡ ಮಗುವಿನ ವಿಷಯ ತೆಗೆದಿದ್ದಳು. ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಬಾರಿ. ನಡುವೆ ನಿಲ್ಲಿಸಿ, "ಹೊತ್ತಾಯ್ತೇನೋ," ಅಂದಾಗ ಕುಲ್ಸುಮ್, "ಸಂಜೆ ರೈಲಿಗೆ ಇನ್ನೂ ಹೊತ್ತದೆ ಅಮ್ಮಿ, ಹೇಳು," ಅಂದಿದ್ದಳು. ಆದರೂ ಮಾತು ಅರ್ಧಕ್ಕೇ ಉಳಿದಿತ್ತು.

ನಜೀರ್ ಕೈಯ ಮಸಿ ತೊಳೆಯುತ್ತಿದ್ದ. ಬೆರಳಿನ ಗಂಟುಗಳಲ್ಲಿ ಸುಟ್ಟ ಗುರುತುಗಳಿದ್ದವು. ನೀವು ಬರಬೇಡಿ ಎಂದು ಈ ಮನುಷ್ಯನಿಗೆ ಹೇಳುವುದು ಹೇಗೆ?

ಕುಲ್ಸುಮ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಈ ಒಂದು ಸಲ ಕಾರಿನಲ್ಲೇ ಹೋಗುವುದು. ಅಮ್ಮ ಕೋಳಿ ಕುಯ್ಯಿಸಲಿ, ಇವರು ಹೊಟ್ಟೆ ತುಂಬ ಉಣ್ಣಲಿ. ಆದರೆ ಮಂಡ್ಯ ದಾಟಿದ ಕೂಡಲೇ ತನಗೆ ಇದ್ದಿಲಿನ ಹೊಗೆ ಆಗಿಬರುವುದಿಲ್ಲ. ಎರಡು ಸಲವಾದರೂ ಕಾರು ನಿಲ್ಲಿಸಿ, ಇಳಿದು ಓಕರಿಸಬೇಕು. ವಾಪಸು ಬರುವಾಗ ಇನ್ನೊಂದು ಸಲ. ಆಗ ಮುಂದಿನ ಸಂತೆಗೆ ನೀನು ರೈಲಿನಲ್ಲೇ ಹೋಗು ಎಂದು ಇವರೇ ಅನ್ನುತ್ತಾರೆ.

ಅವಳು ಉಬ್ಬಿದ ರೊಟ್ಟಿಯನ್ನು ಗಂಡನ ತಟ್ಟೆಗೆ ಹಾಕಿ, ಮೇಲೆ ಒಂದು ಚಮಚ ತುಪ್ಪ ಸವರಿದಳು.